ಅಪಾಸ್ಟ್ರಫಿ ಎಸ್ ಹೇಳುವುದು ಒಡೆತನವನ್ನೇ?

ಪ್ರಶ್ನೆ: ಇಂಗ್ಲಿಷಿನಲ್ಲಿ ನಾಮಪದಕ್ಕೆ ಅಪಾಸ್ಟ್ರಫಿ ಎಸ್ ಸೇರಿದರೆ ಒಡೆತನ ಎಂದರ್ಥವೆಂದು ಶಾಲೆಯಲ್ಲಿ ಕಲಿತಿದ್ದೆ. ಆದರೆ ‘ಆಲ್‌ಝೈಮರ್ಸ್ ಡಿಸೀಸ್’ ಎಂಬುದು ಆಲ್‌ಝೈಮರ್ ಅವರಿಗೆ ಬಂದ ಕಾಯಿಲೆಯಲ್ಲ ಎಂದು ಈಚೆಗೆ ಓದಿದೆ. ಇಂಥ ಪ್ರಯೋಗಗಳ ಅರ್ಥವನ್ನು ಯಾವ ಆಧಾರದ ಮೇಲೆ ನಿರ್ಧರಿಸಬೇಕು?

ಉತ್ತರ: ನೀವು ಆರಿಸಿಕೊಂಡ ಉದಾಹರಣೆ ಬಹಳ ಒಳ್ಳೆಯದು. ಅಲೋಯಿಸ್ ಆಲ್‌ಝೈಮರ್ ಆ ಕಾಯಿಲೆಯನ್ನು 1906ರಲ್ಲಿ ವಿವರಿಸಿದ ಜರ್ಮನ್ ವೈದ್ಯರು. ಅದರ ಪಕ್ಕದಲ್ಲಿ ‘ಲೂ ಗೆಹ್ರಿಗ್ಸ್ ಡಿಸೀಸ್’ ಎಂಬುದನ್ನು ಇಟ್ಟು ನೋಡಿ. ಗೆಹ್ರಿಗ್ ಅಮೆರಿಕದ ಬೇಸ್‌ಬಾಲ್ ಆಟಗಾರ. ಅವರಿಗೇ ಆ ಕಾಯಿಲೆ ಇರುವುದು 1939ರಲ್ಲಿ ಪತ್ತೆಯಾಯಿತು. ಎರಡೂ ಪದಪುಂಜಗಳ ರಚನೆ ಒಂದೇ ಆಗಿದ್ದರೂ ಒಬ್ಬರು ವೈದ್ಯರು, ಇನ್ನೊಬ್ಬರು ರೋಗಿ. ಈ ವ್ಯತ್ಯಾಸವನ್ನು ವ್ಯಾಕರಣ ಹೇಳುವುದಿಲ್ಲ, ನಮ್ಮ ಲೋಕಜ್ಞಾನವೇ ಹೇಳಬೇಕು.

ಪ್ರತ್ಯಯ ತನ್ನಷ್ಟಕ್ಕೆ ತಿಳಿಸುವುದು ಎರಡು ಪದಗಳ ನಡುವೆ ಏನೋ ಸಂಬಂಧವಿದೆ ಎಂಬುದನ್ನಷ್ಟೇ. ಅದು ಎಂಥ ಸಂಬಂಧ ಎಂಬುದರ ಮೊದಲ ಸುಳಿವು ಎರಡನೆಯ ಪದದಲ್ಲಿರುತ್ತದೆ. ‘ಜಾನ್ಸ್ ಸಿಸ್ಟರ್’ ಎಂದಾಗ, ಸಹೋದರಿ ಎಂಬ ಪದದೊಳಗೇ ‘ಯಾರ ಸಹೋದರಿ’ ಎಂಬ ಪ್ರಶ್ನೆ ಅಡಗಿರುವುದರಿಂದ, ರಕ್ತಸಂಬಂಧವಲ್ಲದೆ ಬೇರೇನೂ ಹೊಳೆಯುವುದಿಲ್ಲ. ‘ಜಾನ್ಸ್ ಬುಕ್’ ಎಂದಾಗ ಹಾಗಲ್ಲ. ಸಾಮಾನ್ಯವಾಗಿ ಮೊದಲು ತೋಚುವುದು ಜಾನ್ ಬಳಿಯಿರುವ ಪುಸ್ತಕ. ಜಾನ್ ಲೇಖಕನೆಂದು ತಿಳಿದೊಡನೆ ಅದು ಅವನು ಬರೆದ ಪುಸ್ತಕವಾಗುತ್ತದೆ. ವಿಮರ್ಶೆಗಾಗಿ ಹಲವರಿಗೆ ಒಂದೊಂದು ಪುಸ್ತಕ ಹಂಚಿರುವಲ್ಲಿ ಅವನ ಪಾಲಿಗೆ ಬಂದ ಪುಸ್ತಕವಾಗುತ್ತದೆ. ಸಂದರ್ಭದ ಬಲ ಎಷ್ಟೆಂದರೆ, ಅದು ರಕ್ತಸಂಬಂಧವನ್ನೂ ಬದಿಗೆ ಸರಿಸಬಲ್ಲದು: ಮೂವರು ಸಹೋದರಿಯರ ಸಂದರ್ಶನವನ್ನು ಮೂವರು ವರದಿಗಾರರು ಹಂಚಿಕೊಂಡಿದ್ದರೆ, ‘ಜಾನ್ಸ್ ಸಿಸ್ಟರ್’ ಎಂಬುದು ಜಾನ್ ಮಾತನಾಡಿಸಬೇಕಾದವಳನ್ನೂ ಸೂಚಿಸಬಹುದು.

ಕ್ರಿಯೆಯನ್ನು ಹೇಳುವ ನಾಮಪದಗಳಲ್ಲಿ ಇನ್ನೊಂದು ತೊಡಕಿದೆ. ‘ಲಿಂಕನ್ಸ್ ಸ್ಪೀಚ್’ ಎಂಬಲ್ಲಿ ಲಿಂಕನ್ ಕರ್ತೃ; ‘ಲಿಂಕನ್ಸ್ ಅಸಾಸಿನೇಷನ್’ ಎಂಬಲ್ಲಿ, 1865ರಲ್ಲಿ ಹತರಾದವರು ಅವರೇ ಆದ್ದರಿಂದ, ಕರ್ಮ. ‘ಬೂತ್ಸ್ ಅಸಾಸಿನೇಷನ್ ಆಫ್ ಲಿಂಕನ್’ ಎಂದು ಬರೆದರೆ ಅದೇ ಪ್ರತ್ಯಯ ಕೊಂದವನ ಹೆಸರಿಗೆ ಸೇರುತ್ತದೆ. ಸಂಸ್ಕೃತದಲ್ಲಿ ಕೃದಂತಗಳೊಡನೆ, ಅಂದರೆ ಧಾತುವಿನಿಂದಾದ ನಾಮಪದಗಳೊಡನೆ, ಷಷ್ಠಿ ವಿಭಕ್ತಿಯು ಕರ್ತೃವಿಗೂ ಕರ್ಮಕ್ಕೂ ಬರುತ್ತದೆಂದು ಪಾಣಿನಿ ಸೂತ್ರಿಸಿರುವುದು ಇಲ್ಲಿ ನೆನಪಾಗುತ್ತದೆ. ಷಷ್ಠಿಯ ಅರ್ಥವನ್ನು ‘ಸಂಬಂಧ’ ಎಂದು ಕರೆದ ನಮ್ಮ ವೈಯಾಕರಣರ ಮಾತು ‘ಒಡೆತನ’ ಎನ್ನುವುದಕ್ಕಿಂತ ಹೆಚ್ಚು ನಿಖರವೆಂದು ನನ್ನ ಅಭಿಪ್ರಾಯ.

ಅನುವಾದಿಸುವಾಗ ಕನ್ನಡದ ಷಷ್ಠಿಯೂ ಇಷ್ಟೇ ವಿಶಾಲವಾಗಿರುವುದು ಒಮ್ಮೊಮ್ಮೆ ಅನುಕೂಲ: ‘ಚಿಲ್ಡ್ರನ್ಸ್ ಹಾಸ್ಪಿಟಲ್’ ಎಂಬುದು ಸಲೀಸಾಗಿ ‘ಮಕ್ಕಳ ಆಸ್ಪತ್ರೆ’ಯಾಗುತ್ತದೆ. ಆದರೆ ‘ಜಾನ್ಸ್ ಪೋರ್ಟ್ರೇಟ್’ ಅನ್ನು ‘ಜಾನ್‌ನ ಭಾವಚಿತ್ರ’ ಎಂದು ಬರೆದರೆ, ಅವನು ಬಿಡಿಸಿದ್ದೋ, ಅವನನ್ನು ಬಿಡಿಸಿದ್ದೋ, ಅವನು ಕೊಂಡದ್ದೋ ಎಂಬ ಸಂದೇಹ ಹಾಗೆಯೇ ಉಳಿಯುತ್ತದೆ. ಸುತ್ತಲಿನ ವಾಕ್ಯಗಳು ಅದನ್ನು ತಿಳಿಗೊಳಿಸದಿದ್ದರೆ ‘ಜಾನ್ ಬಿಡಿಸಿದ ಭಾವಚಿತ್ರ’ ಎಂದು ಬಿಡಿಸಿಯೇ ಬರೆಯಿರಿ.