ಕೊಡಗಿನಲ್ಲಿ ದ್ರಾಕ್ಷಿ ಬೆಳೆದು ಮನೆಮಂದಿಯೇ ಸಾವಯವ ವೈನ್ ಮಾಡಬಹುದೇ?

ಮಡಿಕೇರಿಯ ಬಳಿ ನಾಲ್ಕು ಎಕರೆ ಹಳೆಯ ಕಾಫಿ ತೋಟವಿದೆ, ಇಟಲಿಯಲ್ಲಿ ಕಂಡಂತೆ ಮನೆಯವರೇ ದ್ರಾಕ್ಷಿ ಬೆಳೆದು, ರಾಸಾಯನಿಕ ಮುಟ್ಟದೆ ವೈನ್ ಮಾಡಿ, ಹೋಂಸ್ಟೇ ಜೊತೆಗೆ ನಡೆಸಬಹುದೇ ಎಂದು ಕೇಳಿದ್ದೀರಿ. ದ್ರಾಕ್ಷಿ ಬೇಡ. ವೈನ್ ಬೇಕಿದ್ದರೆ ದಾರಿ ಇದೆ.

ಮದುವೆಗೆ ಮುಂಚೆ ನಾನು ನಂದಿಬೆಟ್ಟದ ತಪ್ಪಲಿನ ಒಂದು ವೈನರಿಯಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಸಿದ್ದಾಪುರದ ಬಳಿ ನಮ್ಮದೇ ಕಾಫಿ, ಮೆಣಸು. ಎರಡೂ ಬೆಳೆಗಳ ಪಂಚಾಂಗ ನೋಡಿದವಳಾಗಿ ಹೇಳುತ್ತೇನೆ, ಅವು ಹೊಂದುವುದೇ ಇಲ್ಲ. ನಮ್ಮ ರಾಜ್ಯದಲ್ಲಿ ವೈನ್ ದ್ರಾಕ್ಷಿಗೆ ಏಪ್ರಿಲ್ ಸುಮಾರಿಗೆ ಒಂದು ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಳೆ ಮುಗಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು. ಕೊಯ್ಲು ಜನವರಿಯಿಂದ ಮಾರ್ಚ್. ಆ ಹೊತ್ತಿಗೆ ಹಣ್ಣಿಗೆ ಬೇಕಾದದ್ದು ಒಣ ಹವೆ. ನಾವೋ ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಬರಲೆಂದು ಆಕಾಶ ನೋಡುತ್ತಾ ಕೂತಿರುತ್ತೇವೆ. ಕಾಫಿಯ ಹೂವರಳಿಸುವ ಅದೇ ಮಳೆ ಮಾಗಿದ ದ್ರಾಕ್ಷಿಯನ್ನು ಬಿರಿಸಿ ಕೊಳೆಸುತ್ತದೆ. ಒಂದೇ ತೋಟದಲ್ಲಿ ಎರಡೂ ಇದ್ದರೆ ಯಾವ ದೇವರಿಗೆ ಏನೆಂದು ಹರಕೆ ಹೊರುತ್ತೀರಿ? ರೊಬಸ್ಟಾ ಕೊಯ್ಲು, ಮೆಣಸು ಕೊಯ್ಲು ಕೂಡ ಆಗಲೇ. ಆಳು ಸಿಗುವ ಮಾತನ್ನು ಬಿಟ್ಟೇಬಿಡಿ.

ಇನ್ನು ಸಾವಯವದ ವಿಷಯ. ದ್ರಾಕ್ಷಿ ಬೆಳೆಯುವ ವಿಜಯಪುರದಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ, ಮಡಿಕೇರಿಯಲ್ಲಿ ಮೂರು ಸಾವಿರ ದಾಟುತ್ತದೆ. ಎಲೆ ಇಷ್ಟು ದಿನ ಒದ್ದೆಯಿದ್ದರೆ ಡೌನಿ ಎಂಬ ಬೂಜು ರೋಗ ಬಾರದೆ ಇರದು. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಯ ಈ ರೋಗಕ್ಕಾಗಿ, 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ಅದರಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಎರಡನ್ನೂ ಸಾವಯವ ನಿಯಮ ಒಪ್ಪುತ್ತದೆ, ಆದರೆ ಮಿತಿಯೊಳಗೆ. ಯೂರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ, ಅಷ್ಟೇ. ಇಲ್ಲಿ ಹೊಡೆದದ್ದನ್ನೆಲ್ಲ ಮರುದಿನದ ಮಳೆ ತೊಳೆದು ಮಣ್ಣಿಗಿಳಿಸುತ್ತದೆ, ಮತ್ತೆ ಹೊಡೆಯಬೇಕು. ಪ್ರಮಾಣಪತ್ರ ಸಿಕ್ಕರೂ ಸಿಗಬಹುದು, ಮಣ್ಣು ಕೆಡುತ್ತದೆ. ಅಂಥ ಸಾವಯವ ನನಗೆ ಬೇಡ.

ಇಟಲಿಯ ಆ ಕುಟುಂಬಗಳಿಂದ ಕಲಿಯಬೇಕಾದದ್ದು ದ್ರಾಕ್ಷಿಯನ್ನಲ್ಲ, ಕೆಲಸದ ಕ್ರಮವನ್ನು. ಅವರು ತಮ್ಮ ಮಣ್ಣಿಗೆ ಒಗ್ಗಿದ್ದನ್ನು ಬೆಳೆದು, ಪೂರ್ತಿ ಮಾಗಿದಾಗ ಕೈಯಲ್ಲಿ ಕೊಯ್ದು, ಹಣ್ಣಿನ ಸಿಪ್ಪೆಯಲ್ಲೂ ಮನೆಯ ಪೀಪಾಯಿಯಲ್ಲೂ ಇರುವ ಯೀಸ್ಟ್‌ನಿಂದಲೇ ಹುದುಗಿಸುತ್ತಾರೆ. ಇದು ನಿಧಾನ, ಕೆಲವೊಮ್ಮೆ ಅರ್ಧಕ್ಕೆ ನಿಂತೂಬಿಡುತ್ತದೆ. ಪಾತ್ರೆಯ ಶುಚಿಯಲ್ಲಿ ಸ್ವಲ್ಪ ಉದಾಸೀನವಾದರೂ ವಿನೆಗರ್ ಆಗುತ್ತದೆ. ವೈನ್ ಕೆಡದಂತೆ ಬೆರೆಸುವ ಗಂಧಕದ ಸಂಯುಕ್ತವೇ ಸಲ್ಫೈಟ್; ‘ಸಲ್ಫೈಟ್ ಇಲ್ಲವೇ ಇಲ್ಲ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಹುದುಗುವಾಗ ಯೀಸ್ಟ್ ತಾನೇ ಒಂದಿಷ್ಟು ಉಂಟುಮಾಡುತ್ತದೆ. ಯೂರೋಪಿನ ಸಾವಯವ ಕೆಂಪು ವೈನಿಗೆ ಲೀಟರಿಗೆ 100 ಮಿಲಿಗ್ರಾಂವರೆಗೆ ಅನುಮತಿಯೂ ಇದೆ.

ನಿಮ್ಮ ತೋಟಕ್ಕೆ ಒಗ್ಗಿದ್ದು ಯಾವುದು? ಬೇಲಿಗೆ ಹಬ್ಬಿಸಿದರೆ ಸಾಕು, ಪ್ಯಾಶನ್ ಫ್ರೂಟ್ ಕೇಳದೆಯೇ ಕಾಯಿ ಬಿಡುತ್ತದೆ. ಹುಳಿ ವಿಪರೀತ, ಸುವಾಸನೆ ಅದ್ಭುತ. ನೇರಳೆ ಹಣ್ಣಿನ ಒಗರು ಕೆಂಪು ವೈನಿಗೆ ಹತ್ತಿರ. ಕೊಡಗಿನ ಕಿತ್ತಳೆಯನ್ನು ಎಲ್ಲರೂ ಮೊದಲು ಹೇಳುತ್ತಾರೆ. ಬೀಜವೋ ಒಳಗಿನ ಬಿಳಿ ನಾರೋ ಸೇರಿದರೆ ಕಹಿ, ಹಾಗಾಗಿ ನನಗೆ ಅದರ ಮೇಲೆ ಅಂಥ ಮೋಹವಿಲ್ಲ. ಈ ಹಣ್ಣುಗಳಲ್ಲಿ ಸಕ್ಕರೆ ಸಾಲದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಮದ್ಯಸಾರ, ಆದ್ದರಿಂದ ಶೇ 11–12 ಬೇಕಾದರೆ ಸಕ್ಕರೆ ಬೆರೆಸಲೇಬೇಕು. ಆ ಸಕ್ಕರೆಯೂ ಸಾವಯವವೇ ಆಗಿರಬೇಕು ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ.

ನಾನಾದರೆ ಜೇನುತುಪ್ಪದ ವೈನಿನಿಂದ ತೊಡಗುತ್ತೇನೆ. ಒಂದು ಕಿಲೋ ಜೇನಿಗೆ ನೀರು ಸೇರಿಸಿ ನಾಲ್ಕು ಲೀಟರ್ ಮಾಡಿದರೆ ಸಕ್ಕರೆ ಲೆಕ್ಕ ಸರಿಹೋಗುತ್ತದೆ. ಯೀಸ್ಟ್‌ಗೆ ಬೇಕಾದ ಸಾರಜನಕ ಜೇನಿನಲ್ಲಿ ಕಡಿಮೆ, ಹುದುಗುವುದು ನಿಧಾನ. ಸ್ವಲ್ಪ ಹಣ್ಣಿನ ರಸ ಬೆರೆಸಿದರೆ ಒಳ್ಳೆಯದು. ಒಂದೇ ತೊಡಕು: ಜೇನುಹುಳುಗಳು ಪಕ್ಕದವರ ತೋಟಕ್ಕೂ ಹೋಗುತ್ತವೆ, ಅಲ್ಲಿ ಏನು ಹೊಡೆದಿದ್ದಾರೆಂದು ಅವು ವಿಚಾರಿಸುವುದಿಲ್ಲ.

ಮಡಿಕೇರಿ ಪೇಟೆಯ ಅಂಗಡಿಗಳಲ್ಲಿ ‘ಹೋಂಮೇಡ್ ವೈನ್’ ನೋಡಿ ಇದೆಲ್ಲ ಸಲೀಸು ಎಂದುಕೊಳ್ಳಬೇಡಿ. ಅವುಗಳಲ್ಲಿ ಎಷ್ಟೋ ಬಾಟಲಿಗಳಲ್ಲಿ ಇರುವುದು ಪಾನಕದ ಸಿಹಿ, ಹುದುಗಿದ ರುಚಿ ಹುಡುಕಬೇಕು. ಅಬಕಾರಿ ಇಲಾಖೆಯ ಪರವಾನಗಿ ಇಲ್ಲದೆ ಹೋಂಸ್ಟೇ ಅತಿಥಿಗಳಿಗೂ ನೀವು ಒಂದು ಗ್ಲಾಸ್ ಮಾರುವಂತಿಲ್ಲ. ದ್ರಾಕ್ಷಿ ಬಿಟ್ಟು ಬೇರೆ ಹಣ್ಣು ಎಂದಾಗ ಯಾವ ನಿಯಮದಡಿ ಅರ್ಜಿ ಹಾಕಬೇಕೆಂದು ಮಡಿಕೇರಿಯ ಅಬಕಾರಿ ಕಚೇರಿಯಲ್ಲಿ ಬರಹದಲ್ಲೇ ಕೇಳಿ ಪಡೆಯಿರಿ. ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಸಿಗಲು ಹೇಗೂ ಮೂರು ವರ್ಷದ ಪರಿವರ್ತನಾ ಅವಧಿ ಇದೆ, ಆದ್ದರಿಂದ ಆ ಪ್ರಮಾಣಪತ್ರದ ಅರ್ಜಿಯನ್ನು ಈ ಮಳೆಗಾಲಕ್ಕೆ ಮುಂಚೆಯೇ ಕೊಡಿ. ಕಾಫಿ ಗಿಡಗಳನ್ನು ಮಾತ್ರ ಕೀಳಬೇಡಿ, ಆ ಮೂರು ವರ್ಷ ಮನೆ ನಡೆಸುವುದು ಅವೇ.