ಗೋಧಿ ಬೂಸಾದಲ್ಲಿ ಯೀಸ್ಟ್ ಬೆಳೆಸುವಾಗ ನಡುಭಾಗ ಬಿಸಿಯಾಗಿ ನಾರುವುದೇಕೆ?

ಹಸುಗಳಿಗೆ ಕೊಡಲೆಂದು ಬಕೆಟ್ಟಿನಲ್ಲಿ ಬೂಸಾ ನೆನೆಸಿ ಯೀಸ್ಟ್ ಬೆರೆಸಿಟ್ಟರೆ ಮರುದಿನ ನಡುಭಾಗ ಬಿಸಿಯಾಗಿ ಕೊಳೆತ ವಾಸನೆ ಬರುತ್ತದೆ ಎಂದಿದ್ದೀರಿ. ಬಕೆಟ್ಟೇ ಕಾರಣ. ಯೀಸ್ಟ್ ಬೆಳೆಯುತ್ತಾ ಹುಟ್ಟಿಸುವ ಕಾವನ್ನು ಬೂಸಾ ಹೊರಗೆ ಬಿಡುವುದಿಲ್ಲ. ಒಳಗೆ 40 ಡಿಗ್ರಿ ದಾಟಿತೆಂದರೆ ಯೀಸ್ಟ್ ಸೋಲುತ್ತದೆ, ಬಿಸಿ ತಾಳುವ ಬ್ಯಾಕ್ಟೀರಿಯಾ ಹಬ್ಬುತ್ತದೆ.

ನಾನಾದರೆ ದಪ್ಪ ಗೋಧಿ ಬೂಸಾ 1 ಕಿಲೋ ತೆಗೆದುಕೊಳ್ಳುತ್ತೇನೆ. ಅಕ್ಕಿ ತೌಡು ಬೇಡ, ಮುದ್ದೆ ಕಟ್ಟುತ್ತದೆ. 800 ಮಿಲಿ ನೀರಿನಲ್ಲಿ 80 ಗ್ರಾಂ ಬೆಲ್ಲ, 5 ಗ್ರಾಂ ಅಮೋನಿಯಂ ಸಲ್ಫೇಟ್ (ಯೀಸ್ಟ್‌ಗೆ ಸಾರಜನಕ ಒದಗಿಸುವ ಲವಣ) ಕರಗಿಸಿ ಬೂಸಾಕ್ಕೆ ಕಲಸಿ. ಸಿಟ್ರಿಕ್ ಆಮ್ಲ ಹಾಕಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ರ ಸುಮಾರಿಗೆ ತನ್ನಿ. ಪಿಎಚ್ ನೋಡಬೇಕಾದ್ದು ಕಲಸಿದ ಬೂಸಾದಲ್ಲಿ. ಬರೀ ನೀರಿನಲ್ಲಿ ನೋಡಿದರೆ ಬೂಸಾ ಸೇರಿದ ಮೇಲೆ ಮತ್ತೆ ಏರಿಬಿಡುತ್ತದೆ. ಸಣ್ಣ ಡಬ್ಬಿಗಳಿಗೆ ತುಂಬಿ, ಆವಿನೀರು ತೊಟ್ಟಿಕ್ಕದಂತೆ ಬಾಯಿ ಮುಚ್ಚಿ, ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ 30 ನಿಮಿಷ ಇಡಿ. ಇಡ್ಲಿ ಪಾತ್ರೆಯ ಆವಿ ಸಾಲದು, ಬೂಸಾದಲ್ಲಿರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು 100 ಡಿಗ್ರಿಗೆ ಸಾಯುವುದಿಲ್ಲ.

ಕುದಿಸಿ ಉಗುರುಬೆಚ್ಚಗೆ ಆರಿಸಿದ 200 ಮಿಲಿ ನೀರಿಗೆ ಒಂದು ಚಮಚ ಸಕ್ಕರೆ, 10 ಗ್ರಾಂ ಒಣ ಬೇಕರಿ ಯೀಸ್ಟ್. ಅರ್ಧ ಗಂಟೆಯಾದರೂ ನೊರೆ ಬಾರದಿದ್ದರೆ ಆ ಪ್ಯಾಕೆಟ್ ಎಸೆಯಿರಿ. ಬೂಸಾ 35 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಇಳಿಯಬಾರದು, ಬೆರಳು ತಾಗಿಸಿದರೆ ಉದುರಬೇಕು. ಅದೇ ಸುಮಾರು 55 ಶೇಕಡಾ ತೇವ. ಇನ್ನೂ ನೀರು ಹಾಕಿದಿರೋ, ಬ್ಯಾಕ್ಟೀರಿಯಾಕ್ಕೆ ಹಬ್ಬ.

ತಟ್ಟೆಯಲ್ಲಿ 2–3 ಸೆಂ.ಮೀ. ದಪ್ಪಕ್ಕೆ ಹರಡಿ, ಕುದಿಸಿ ಹಿಂಡಿದ ಬಟ್ಟೆ ಹೊದಿಸಿ, 28–30 ಡಿಗ್ರಿಯಲ್ಲಿಡಿ. ಮೊದಲ ದಿನವಿಡೀ ಕಣ್ಣಿಟ್ಟಿರಬೇಕು: ನಡುವೆ ಥರ್ಮಾಮೀಟರ್ ಚುಚ್ಚಿ, 35 ಮುಟ್ಟಿದ ಕೂಡಲೇ ಶುಚಿಯಾದ ಚಮಚದಿಂದ ಮಗುಚಿ. ಯೀಸ್ಟ್‌ಗೆ ಬೂಷ್ಟಿನಂತೆ ಎಳೆಗಳಿಲ್ಲ, ತಾನೇ ಹರಡಲಾರದು, ಮಗುಚುವುದು ಅದಕ್ಕೂ ಬೇಕು. 36–48 ಗಂಟೆ ಸಾಕು.

ಬ್ರೆಡ್ಡಿನ ವಾಸನೆ ಬಂದರೆ ಸರಿ. ಹೆಂಡದ ಘಾಟು ಬಂದರೆ ಬೆಲ್ಲ ಹೆಚ್ಚಾಗಿದೆ. ಸಕ್ಕರೆ ವಿಪರೀತ ಇದ್ದರೆ ಈ ಯೀಸ್ಟ್ ಗಾಳಿ ಆಡಿದರೂ ಮದ್ಯಸಾರವನ್ನೇ ಮಾಡುತ್ತದೆ. ಅಮೋನಿಯಾ ನಾತ, ಲೋಳೆ ಎಳೆ ಕಂಡರೆ ಬ್ಯಾಸಿಲಸ್. ಹಸಿರು ಅಥವಾ ಕಪ್ಪು ಬೂಷ್ಟು ಒಂದು ಚುಕ್ಕೆ ಕಂಡರೂ ಇಡೀ ತಟ್ಟೆ ತಿಪ್ಪೆಗೆ ಹೋಗಲಿ, ಒಣಗಿಸಿದರೆ ಅದರ ವಿಷ ಹೋಗುವುದಿಲ್ಲ.

ಒಣಗಿಸುವುದು ನೆರಳಿನಲ್ಲಿ, ಫ್ಯಾನಿನ ಗಾಳಿಗೆ, 40 ಡಿಗ್ರಿ ಮೀರದಂತೆ, ಗರಿಗರಿಯಾಗುವ ತನಕ. ಬೂಸಾದಿಂದ ಯೀಸ್ಟ್ ಮಾತ್ರ ಬೇರ್ಪಡಿಸಿ ಪುಡಿ ಮಾಡುವ ಯೋಚನೆಯಿದ್ದರೆ ಈ ದಾರಿ ಬೇಡ. ಪಿಷ್ಟ, ನಾರನ್ನು ಈ ಯೀಸ್ಟ್ ಒಡೆಯಲಾರದು, ಬೂಸಾದ ಬಹುಪಾಲು ಹಾಗೇ ಉಳಿಯುತ್ತದೆ. ಅದಕ್ಕೆ ಕಾಕಂಬಿ ನೀರಿಗೆ ಗಾಳಿ ಊದಿ ಬೆಳೆಸುವ ಕ್ರಮವೇ ಸರಿ.