ಸಾರು ಚೆಲ್ಲಿತು, ನಗು ಬಂತು

ಪ್ರಶ್ನೆ: ಅಕ್ಕಾ, ಭಾಲ್ಕಿಯಲ್ಲಿ ನಮ್ಮಕ್ಕನ ಮದುವೆ ಆಯಿತು. ಬೀಗರ ಪಂಕ್ತಿಯಲ್ಲಿ ಬಡಿಸುವಾಗ ಕೈ ಜಾರಿ ಭಾವನ ಸೋದರಮಾವನ ಬಿಳಿ ಅಂಗಿ ಮೇಲೆ ಸಾರು ಚೆಲ್ಲಿತು. ಏನು ಮಾಡಬೇಕೋ ತಿಳಿಯದೆ ಜೋರಾಗಿ ನಕ್ಕುಬಿಟ್ಟೆ, ಬಕೆಟ್ ಅಲ್ಲೇ ಇಟ್ಟು ಒಳಗೆ ಓಡಿದೆ. 'ಹುಡುಗನಿಗೆ ಸೊಕ್ಕು ಜಾಸ್ತಿ' ಅಂತ ಅವರು ಅಂದರಂತೆ. ಪಂಚಮಿಗೆ ಅಕ್ಕನನ್ನು ಕರೆತರಲು ಹುಮನಾಬಾದಿಗೆ ನಾನೇ ಹೋಗಬೇಕು, ಕಾಲೇ ಏಳುತ್ತಿಲ್ಲ. ನಾನ್ಯಾಕೆ ಹಾಗೆ ನಕ್ಕೆ?
– ಓದುಗ, ಬೀದರ್ ಜಿಲ್ಲೆ

ಉತ್ತರ: ತಮ್ಮಾ, ಅದು ಸೊಕ್ಕಿನ ನಗು ಅಲ್ಲ, ಗಾಬರಿಯ ನಗು. ನಾಲ್ಕು ಜನರ ಎದುರು ಎಡವಟ್ಟಾದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮುಖದ ರಕ್ತನಾಳಗಳು ಹಿಗ್ಗಿ ಕೆನ್ನೆ ಬಿಸಿಯಾಗುತ್ತದೆ. ಆ ಒತ್ತಡ ಎಲ್ಲಾದರೂ ಹೊರಗೆ ಬರಲೇಬೇಕು. ಕೆಲವರು ನಗುತ್ತಾರೆ, ಕೆಲವರು ಸುಮ್ನೆ ಮಾತಾಡುತ್ತಲೇ ಇರುತ್ತಾರೆ, ಕೆಲವರು ಫೋನ್ ಬಂದ ಹಾಗೆ ಕಿವಿಗಿಟ್ಟುಕೊಂಡು ಹೊರಗೆ ಹೋಗುತ್ತಾರೆ. ಇನ್ನು ಕೆಲವರಿದ್ದಾರೆ, ಹೆಚ್ಚಾಗಿ ನಮ್ಮ ಗಂಡಸರು, ತಾವೇ ಚೆಲ್ಲಿ 'ದಾರಿಯಲ್ಲಿ ಕಾಲು ಚಾಚಿ ಯಾಕೆ ಕೂತಿದ್ದೀರಿ' ಅಂತ ಎದುರಿನವರಿಗೇ ಬೈಯುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಅದು, ಯಾಕೆಂದರೆ ಚೆಲ್ಲಿದ್ದನ್ನು ಜನ ಬೇಗ ಮರೆಯುತ್ತಾರೆ, ಬೈದದ್ದನ್ನು ಮರೆಯುವುದಿಲ್ಲ.

ನಾವು ನಾಚಿಕೆ ಕಾಣಬಾರದು ಅಂತ ಮುಚ್ಚಿಡಲು ಹೋಗುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಜುಗರವನ್ನು ತೋರಿಸಿಕೊಂಡವರನ್ನೇ ನೋಡಿದವರು ಜಾಸ್ತಿ ನಂಬಿದರು. ಕಣ್ಣು ಕೆಳಗಾಗುವುದು, ಮುಖ ಪಕ್ಕಕ್ಕೆ ತಿರುಗುವುದು, ಕೈ ಮುಖಕ್ಕೆ ಹೋಗುವುದು, ಇವೆಲ್ಲ 'ನನಗೆ ತಪ್ಪು ಗೊತ್ತಾಗಿದೆ' ಅಂತ ಎದುರಿನವರಿಗೆ ಹೇಳುತ್ತವೆ. ನಿನ್ನ ಮುಖವೂ ಅದನ್ನೇ ಹೇಳುತ್ತಿತ್ತೇನೋ. ಆದರೆ ನಗು ಕೇಳಿಸಿತು, ನೀನು ಓಡಿದೆ, ಅವರಿಗೆ ಮುಖ ನೋಡಲು ಸಿಗಲೇ ಇಲ್ಲ. ಒಂದು ಕ್ಷಣ ನಿಂತು ಟವೆಲ್ ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಇಡೀ ಬೀಗರ ಮನೆ ನಿನ್ನದೇ ಮಾತಾಡುತ್ತಿದೆ ಅನ್ನಿಸುತ್ತಿದೆಯಾ? ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಕೇಳು. ಮುಜುಗರ ತರುವ ಚಿತ್ರದ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಬೇರೆಯವರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಶರ್ಟ್ ಹಾಕಿದವರು ಅಂದುಕೊಂಡರು, ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಆದರೆ ಆ ಮಾವನವರು ಗಮನಿಸಿದ್ದಾರೆ, ಅವರ ಮನಸ್ಸಿಗೂ ಹತ್ತಿದೆ. ಅವರ ಹತ್ತಿರ ಮಾತ್ರ ನೀನು ಮಾತಾಡಲೇಬೇಕು.

ಅಕ್ಕನ ಕೈಲಿ ಹೇಳಿಸಬೇಡ, ವಾಟ್ಸಾಪ್ ಬೇಡ. ಪಂಚಮಿಗೆ ಹೋದಾಗ ಅವರ ಮನೆಗೂ ಹೋಗಿ, ಚಹಾ ಬರುವ ಮೊದಲೇ ಹೇಳಿಬಿಡು: 'ಮಾವ, ಅವತ್ತು ಗಾಬರಿಯಾಗಿ ನಗು ಬಂತು ರೀ. ತಪ್ಪಾಯ್ತು.' ಅಷ್ಟು ಸಾಕು, ಕಾರಣ ಉದ್ದ ಮಾಡಬೇಡ. ಹೇಳುವಾಗ ಮತ್ತೆ ನಗು ಬಂದರೆ ಹೆದರಬೇಡ. 'ನೋಡ್ರಿ, ಗಾಬರಿಯಾದರೆ ನನಗೆ ಹೀಗೇ ಆಗುತ್ತದೆ' ಅಂತ ಅಲ್ಲೇ ಹೇಳು, ಆದರೆ ಈ ಸಲ ಎದ್ದು ಹೋಗಬೇಡ.